ಹಳೀ ಸಾಗವಾನಿ ಬಾಗಲದ ಹಲಗಿಯಿಂದ ಮಂಚಕ್ಕ ಹೆಡ್‌ಬೋರ್ಡ್: ಅಂಟಿಸಿ ಸ್ಕ್ರೂ ಹೊಡೀಬೇಕೋ, ಚೌಕಟ್ಟು ಕಟ್ಟಬೇಕೋ?

ನವನಗರ_ಬಾಗಲಕೋಟೆ:
ಎಲ್ಲಾರಿಗೂ ನಮಸ್ಕಾರ್ರೀ. ಮಂಚದ ತೆಲಿಕಡೆ ಕಟ್ಟಿಗಿ ಹೆಡ್‌ಬೋರ್ಡ್ ಮಾಡಸೂದೈತಿ. ಅಳತಿ ಹಿಂಗೈತಿ: ಗಾದಿ 72×78 ಇಂಚು, ದಪ್ಪ 6 ಇಂಚು. ಮಂಚ ಪ್ಲೈ ಪೆಟಗಿ ಥರದ್ದು, ನೆಲದಿಂದ 14 ಇಂಚು ಎತ್ತರ. ಅಂದ್ರ ಗಾದಿ ಮ್ಯಾಲಿನ ಮಟ್ಟ 20 ಇಂಚಿಗೆ ಬರತೈತಿ. ಹೆಡ್‌ಬೋರ್ಡ್ 76 ಇಂಚು ಅಗಲ, ನೆಲದಿಂದ 48 ಇಂಚು ಎತ್ತರ ಬೇಕು.
ಹಳೀ ಮನಿ ಬಾಗಲದ ಸಾಗವಾನಿ ಹಲಗಿ ಏಳು ಅದಾವ. ಒಂದೂಕಾಲು ಇಂಚು ದಪ್ಪ, 9ರಿಂದ 11 ಇಂಚು ಅಗಲ, 6 ಅಡಿ ಉದ್ದ. ಒಂದು ಬದಿ ಹಸರು ಎಣ್ಣಿಬಣ್ಣ ಹಚ್ಯಾರ. ಬಡಿಗೇರು ಹೇಳೂದು: ಹಲಗಿ ಅಡ್ಡ ಇಟ್ಟು ಒಂದಕ್ಕೊಂದು ಅಂಟಿಸಿ, ಹಿಂದ ಮೂರು ಉದ್ದನ ಪಟ್ಟಿ ಇಟ್ಟು ಅಂಟು ಹಚ್ಚಿ ಸ್ಕ್ರೂ ಹೊಡದ್ರ ಮುಗೀತು. ಇದು ಬರೋಬ್ಬರಿನಾ? ಗ್ವಾಡಿಗೆ ಹಾಕೂದು ಛಲೋನೋ, ಮಂಚಕ್ಕ ಹಾಕೂದು ಛಲೋನೋ?

ಪ್ಲೈವುಡ್_ಪಕ್ಷ:
ಸರ, ಒಂದು 8×4 ಹಾಳಿ 18 ಮಿ.ಮೀ. ಪ್ಲೈ ತಗೊಂಡ್ರ ನಿಮ್ಮ ಇಡೀ ಹೆಡ್‌ಬೋರ್ಡ್ ಒಂದೇ ತುಂಡಿನಾಗ ಬರ್ತದ. ಕಾಣೂ ಭಾಗ 76×32, ಹಾಳಿ 96×48. ಮ್ಯಾಲೆ 4 ಮಿ.ಮೀ. ಸಾಗವಾನಿ ವೆನೀರ್, ಅಂಚಿಗೆ ಸಾಗವಾನಿ ಪಟ್ಟಿ. ಎರಡು ದಿನದ ಕೆಲಸ. ಕುಗ್ಗೂದಿಲ್ಲ, ಹಿಗ್ಗೂದಿಲ್ಲ. ಪ್ಲೈ ಮ್ಯಾಲೆ ಐಎಸ್ 303 ಇಲ್ಲಾ ಐಎಸ್ 710 ಮುದ್ರಿ ನೋಡಿ ತಗೋರಿ. ಮಲಗೂ ಖೋಲಿಗೆ 303 ಸಾಕು, ಗ್ವಾಡಿ ತೇವ ಹಿಡೀತಿದ್ರ ಮಾತ್ರ 710.

ಗೋಕಾಕ_ಕರದಂಟು:
ಏಳು ಸಾಗವಾನಿ ಹಲಗಿ ಮನಿಯಾಗ ಇಟಗೊಂಡು ಪ್ಲೈ ತರಬೇಕಾ? ಒಪ್ಪೂದಿಲ್ಲ ನಾ.

ಉಳಿ_ಕೊಡತಿ (ವಿಜಯಪುರ):
ನವನಗರದವರ, ಮೊದಲ ಒಂದು ಲೆಕ್ಕ ನೋಡ್ರಿ. ನಿಮ್ಮ ಹಲಗಿ 72 ಇಂಚು, ಹೆಡ್‌ಬೋರ್ಡ್ 76. ಅಡ್ಡ ಇಟ್ರ ನಾಲ್ಕು ಇಂಚು ಸಾಲೂದಿಲ್ಲ. ಬಾಗಲದ ಹಲಗಿ ತುದಿ ಸೀಳಿರ್ತದ, ಅದನ್ನ ಕೊಯ್ದ್ರ ಇನ್ನೂ ಕಡಿಮಿ. ಹಂಗಾಗಿ ಅಡ್ಡ ಹಲಗಿ ಮಾತು ಇಲ್ಲಿಗೇ ಮುಗೀತದ.

ಎರಡನೇದು ಇದಕಿಂತ ದೊಡ್ಡದು. ಅಗಲ ಹಲಗಿ ಹಿಂದ ಪಟ್ಟಿ ಇಟ್ಟು ಅಂಟು ಹಚ್ಚಿ ಸ್ಕ್ರೂ ಬಿಗದ್ರ ಏಪ್ರಿಲ್ ಮೇದಾಗ ಅದು ಸೀಳೇ ಸೀಳ್ತದ. ಕಟ್ಟಿಗಿ ಉದ್ದಕ್ಕ ಹೆಚ್ಚೂ ಕಡಿಮಿ ಅಲಗಾಡೂದಿಲ್ಲ, ಅಗಲಕ್ಕ ಅಲಗಾಡ್ತದ. ನಮ್ಮ ಕಡೆ ಮಳಿಗಾಲದಾಗ ಮನಿಯೊಳಗಿನ ಕಟ್ಟಿಗಿ ತೇವ ಅಂದಾಜು 14–15 ಪರ್ಸೆಂಟ್ ಇರ್ತದ, ಬ್ಯಾಸಗಿಯಾಗ 7–8ಕ್ಕ ಇಳೀತದ. ಸಾಗವಾನಿ ಹಲಗಿ 12 ಇಂಚು ಅಗಲ ಇದ್ರ ತೇವ ಒಂದು ಪರ್ಸೆಂಟ್ ಇಳದಾಗ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚ ಕುಗ್ಗತದ. 32 ಇಂಚಿನ ಹಲಗಿಗೆ ಆರು ಪರ್ಸೆಂಟ್ ಇಳಿತ ಹಿಡೀರಿ, ಒಂಬತ್ತು ಮಿ.ಮೀ. ಆಯ್ತು. ಹಿಂದಿನ ಪಟ್ಟಿ ಉದ್ದಕ್ಕ ಕುಗ್ಗೂದಿಲ್ಲ, ಹಲಗಿ ಕುಗ್ಗಬೇಕಂತದ, ಸ್ಕ್ರೂ ಬಿಡೂದಿಲ್ಲ. ಎಲ್ಲಿ ಅಂಟು ಸಡ್ಲ ಅದನೋ, ಎಲ್ಲಿ ಹಳೀ ಸೀಳು ಅದನೋ ಅಲ್ಲಿ ಬಾಯಿ ಬಿಡ್ತದ.

ನಿಮಗ ಬೇಕಾದ್ದು ಚೌಕಟ್ಟು, ಅದರ ಗಾಡಿಯೊಳಗ (ಒಳ ಅಂಚಿಗೆ ಉದ್ದಕ್ಕ ಕೊರದ ಸಂದಿ) ಸಡ್ಲ ಕೂತ ಹಲಗಿ. ಹಳೀ ಮನಿಗಳ ಬಾಗಲಾ ನೋಡ್ರಿ, ಹಂಗೇ ಮಾಡ್ಯಾರ.

ಘಟಪ್ರಭಾ_ದಂಡಿ:
ಉಳಿ_ಕೊಡತಿ ಅಣ್ಣಾರ, ಹೊಸಾ ಕಟ್ಟಿಗಿಗೆ ಇದು ಖರೆ. ಆದ್ರ ಐವತ್ತು ಅರವತ್ತು ವರ್ಷದ ಹಳೀ ಸಾಗವಾನಿ ಎಷ್ಟು ಒಣಗಬೇಕೋ ಅಷ್ಟು ಒಣಗಿರತೈತಿ. ಅದು ಇನ್ನ ಕುಗ್ಗಂಗಿಲ್ಲ. ಸ್ಕ್ರೂ ಹೊಡದ್ರೂ ಏನೂ ಆಗಂಗಿಲ್ಲ.

ಖಾನಾಪುರ_ರಸ್ತೆ (ಬೆಳಗಾವಿ):
ಇಲ್ಲ, ಇದು ಭಾಳ ಮಂದಿ ತಪ್ಪು ತಿಳ್ಕೊಂಡ ವಿಷಯ. ಹಸೀ ಕಟ್ಟಿಗೆ ಮೊದಲ ಸಲ ಒಣಗಿ ಕುಗ್ಗೋದು ಬೇರೆ, ಒಣಗಿದ ಕಟ್ಟಿಗೆ ವರ್ಷಾ ಗಾಳಿಯ ತೇವ ಹೀರಿ ಬಿಡೋದು ಬೇರೆ. ಮೊದಲನೇದು ಒಂದೇ ಸಲ ಆಗೋದು. ಎರಡನೇದು ಕಟ್ಟಿಗೆ ಇರೋ ತನಕ ನಡೀತೈತಿ. ನೂರು ವರ್ಷದ ವಾಡೆಗಳ ಬಾಗಿಲು ಇವತ್ತಿಗೂ ಜುಲೈ ತಿಂಗಳದಾಗ ಬಿಗಿ ಆಗ್ತಾವ, ಮಾರ್ಚದಾಗ ಸಡ್ಲ ಆಗ್ತಾವ. ಹಳೇ ಕಟ್ಟಿಗೆಯ ಲಾಭ ಏನಂದ್ರ ಸೊಟ್ಟ ಆಗೋದು, ಡೊಂಕು ಆಗೋದು ಏನಿತ್ತೋ ಅದು ಆಗಿ ಮುಗದಿರತೈತಿ. ಹಿಗ್ಗೋದು ಕುಗ್ಗೋದು ಮುಗದಿರೂದಿಲ್ಲ.

ಬೇಕಾದ್ರ ಪಿನ್ ಥರದ ತೇವ ಅಳೆಯೋ ಮೀಟರ್ ಹಚ್ಚಿ ನೋಡ್ರಿ. ಬೆಳಗಾವಿಯಾಗ ಆಗಸ್ಟದಾಗ ಹಳೇ ಹಲಗಿನೂ 15ರ ಹತ್ತಿರ ತೋರಸ್ತೈತಿ. ಅದೇ ಹಲಗಿ ಮೇ ತಿಂಗಳದಾಗ ಬಾಗಲಕೋಟಿಗೆ ಒಯ್ದು ಇಟ್ರ ಎಂಟಕ್ಕ ಬರತೈತಿ.

ಘಟಪ್ರಭಾ_ದಂಡಿ:
ಬಾಗಲಾ ಬಿಗಿ ಆಗೂದು ನೋಡಿದ್ರ ನಿಮ್ಮ ಮಾತು ಒಪ್ಪಬೇಕು. ಹಂಗಾದ್ರ ಹಿಂದ ಪಟ್ಟಿ ಹಾಕಲೇಬೇಕು ಅನ್ನೋರು ಏನು ಮಾಡಬೇಕ್ರೀ?

ಉಳಿ_ಕೊಡತಿ (ವಿಜಯಪುರ):
ಅಂಟು ಹಚ್ಚಬಾರದು. ಪಟ್ಟಿಯ ನಡುವಿನ ಒಂದು ತೂತು ಮಾತ್ರ ಗುಂಡಗ. ಮಿಕ್ಕಿದ್ದು ಪಟ್ಟಿಯ ಉದ್ದಕ್ಕ 12 ಮಿ.ಮೀ. ಉದ್ದನ ತೂತು, ಸ್ಕ್ರೂಕ್ಕ ವಾಷರ್. ಮೈ ತಾಗೂವಷ್ಟೇ ಬಿಗಿಬೇಕು, ಒತ್ತಿ ಬಿಗಿಬಾರದು. ಆವಾಗ ಹಲಗಿ ನಡು ಹಿಡಕೊಂಡು ಎರಡೂ ಕಡೆ ಸರದಾಡ್ತದ.

ನವನಗರ_ಬಾಗಲಕೋಟೆ:
ತಿಳೀತ್ರಿ. ಚೌಕಟ್ಟಿಗೆ ಏಳು ಹಲಗಿ ಸಾಕಾಗತಾವಾ? ಯಾವ ತುಂಡು ಎಷ್ಟು ಅಂತ ಹೇಳಿದ್ರ ಬಡಿಗೇರಿಗೆ ತೋರಸಾಕ ಅನುಕೂಲ.

ಉಳಿ_ಕೊಡತಿ (ವಿಜಯಪುರ):
ಅಗಲ 76 ಬಿಟ್ಟು 74ಕ್ಕ ಇಳಸ್ರಿ. ಗಾದಿ 72, ಎರಡೂ ಕಡೆ ಒಂದೊಂದು ಇಂಚು ಹೊರಗ ಕಾಣ್ತದ, ಚಂದನೂ ಅದ. ಯಾಕ 74 ಅಂದ್ರ: ಎರಡೂ ಕಡೆ ಮೂರು ಮೂರು ಇಂಚಿನ ಕಂಬ, ನಡುವ ಉಳಿಯೂದು 68. ಅಡ್ಡಪಟ್ಟಿಗೆ ಎರಡೂ ತುದಿಗೆ ಒಂದೂವರೆ ಇಂಚು ನಾಲಿಗಿ (ಕಂಬದ ತೂತಿನೊಳಗ ಕೂಡೂ ತೆಳು ತುದಿ) ಬಿಡಬೇಕು, ಒಟ್ಟು 71. ನಿಮ್ಮ 72 ಇಂಚಿನ ಹಲಗಿಯಾಗ ಕೂಡ್ತದ. 76 ಇಟ್ರ 73 ಬೇಕಾಗ್ತದ, ಸಿಗೂದಿಲ್ಲ.

ಕಂಬ: 48 ಇಂಚು ಉದ್ದ, 3 ಇಂಚು ಅಗಲ. ದಪ್ಪ ಬೇಕು, ಅದಕ್ಕ ಎರಡು ಪಟ್ಟಿ ಬೆನ್ನಿಗೆ ಬೆನ್ನು ಹಚ್ಚಿ ಅಂಟಿಸ್ರಿ. ರಂದಾ ಹೊಡದ ಮ್ಯಾಲೆ ಎರಡೂಕಾಲು ಇಂಚಿನ ಹತ್ತಿರ ಉಳೀತದ. ಎರಡು ಕಂಬಕ್ಕ ನಾಲ್ಕು ಪಟ್ಟಿ.
ಅಡ್ಡಪಟ್ಟಿ: ಮ್ಯಾಲೊಂದು ಕೆಳಗೊಂದು, 4 ಇಂಚು ಅಗಲ, 71 ಉದ್ದ. ಒಂದೇ ಹಲಗಿ ಸೀಳಿದ್ರ ಎರಡೂ ಬರ್ತಾವ. ಕೆಳಗಿನ ಪಟ್ಟಿಯ ಕೆಳ ಅಂಚು ನೆಲದಿಂದ 16 ಇಂಚಿಗೆ ಇರಲಿ, ಅಂದ್ರ ಪಟ್ಟಿ ಗಾದಿ ಹಿಂದ ಮರೆ ಆಗ್ತದ.
ನಡು ಕಂಬಿ: ಎರಡು, 3 ಇಂಚು ಅಗಲ, ನಾಲಿಗಿ ಸೇರಿ 27 ಉದ್ದ.
ಹಲಗಿ ಮನಿ (ಚೌಕಟ್ಟಿನೊಳಗ ಹಲಗಿ ಕೂಡೂ ಖಾನೆ): ಮೂರು. ಒಂದೊಂದೂ ಕಾಣೂ ಅಳತಿ 20 ಇಂಚು ಮ್ಯಾಲೆ ಮುಕ್ಕಾಲಿಗೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಡಿಮಿ, ಎತ್ತರ 24. ಗಾಡಿಯೊಳಗ ಹೋಗೂದು ಸೇರಿ 21 ಚಿಲ್ಲರೆ ಬೈ 25ಕ್ಕ ಒಂದೆರಡು ಮಿ.ಮೀ. ಕಡಿಮಿ. ಹಲಗಿ ನಾರು ನೆಟ್ಟಗ ಮ್ಯಾಲೆ ಕೆಳಗ ಇರಬೇಕು, ಅಡ್ಡ ಅಲ್ಲ.

ಒಂದು ಹಲಗಿ ಅಂಚು ಕೊಯ್ದು 9 ಇಂಚು ಉಳದ್ರ, ಉದ್ದಕ್ಕ ಎರಡು ತುಂಡು ಬರ್ತಾವ. ಮೂರು ಮನಿಗೂ ನಾಲ್ಕು ಹಲಗಿ ಹೋಗ್ತಾವ. ಅಡ್ಡಪಟ್ಟಿಗೆ ಒಂದು, ಕಂಬ ಮತ್ತ ನಡು ಕಂಬಿಗೆ ಎರಡು. ಏಳೂ ಖಾಲಿ. ಒಂದರಾಗ ಹುಳ ಹಿಡದ ಭಾಗ ಸಿಕ್ರ ಕೆಲಸ ನಿಲ್ತದ, ಹಂಗಾಗಿ ಅದೇ ಬಣ್ಣದ ಹಳೀ ಸಾಗವಾನಿ ಒಂದು ತುಂಡು ಕಟ್ಟಿಗಿ ಅಡ್ಡೆಯಾಗ ಮೊದಲ ನೋಡಿ ಇಟ್ಟುಕೊಳ್ರಿ.

ಖಾನಾಪುರ_ರಸ್ತೆ (ಬೆಳಗಾವಿ):
ಹೊಸಾ ಕಟ್ಟಿಗೆ ತಗೊಂಡು ಮಾಡೋರಿಗೆ: ಇದೇ ಅಳತೆಗೆ ರಂದಾ, ಕೊಯ್ತ ಎಲ್ಲಾ ಹಿಡದು ಎರಡೂವರೆ ಘನ ಅಡಿ ಸಾಕು. ಲೆಕ್ಕ ಹಾಕೋದು: ಉದ್ದ ಅಡಿಯಾಗ, ಅಗಲ ಇಂಚಿನ್ಯಾಗ, ದಪ್ಪ ಇಂಚಿನ್ಯಾಗ ಗುಣಿಸಿ 144ರಿಂದ ಭಾಗಿಸಬೇಕು. ಅಡ್ಡೆಯವರು ಹೇಳಿದ ಲೆಕ್ಕ ಹಂಗೇ ಒಪ್ಪಬ್ಯಾಡ್ರಿ, ತುಂಡು ತುಂಡಾಗಿ ಬರೆಸ್ಕೊಂಡು ಕೂಡಸ್ರಿ. ದಾಂಡೇಲಿ ಡಿಪೋ ಮಾಲು ಅಂತ ಹೇಳಿದ್ರ ಬಿಲ್ಲು, ಸಾಗಾಣಿಕೆ ಪಾಸು ಕೇಳ್ರಿ.
ಹಲಗಿಯಾಗ ಬಿಳೀ ಅಂಚು ಕಂಡ್ರ ಅದು ಚೇಗು (ಮರದ ಒಳಗಿನ ಗಟ್ಟಿ ಭಾಗ) ಅಲ್ಲ. ಸಾಗವಾನಿಗೆ ಒರಲೆ ಹತ್ತೂದಿಲ್ಲ ಅನ್ನೋ ಮಾತು ಚೇಗಿಗೆ ಮಾತ್ರ. ಬಿಳೀ ಭಾಗಕ್ಕ ಒರಲೆನೂ ಹತ್ತತೈತಿ, ಪುಡಿ ಹುಳಾನೂ ಹತ್ತತೈತಿ. ಮುಲಾಜಿಲ್ಲದ ಕೊಯ್ದು ಒಗೀರಿ.

ಪ್ಲೈವುಡ್_ಪಕ್ಷ:
ಇಷ್ಟು ಜೋಡು, ಇಷ್ಟು ಗಾಡಿ, ಇಷ್ಟು ಮಜೂರಿ. ಪ್ಲೈ ಅಂದ್ರ ತೂಕ ಸೈತ ಕಡಿಮಿ. ನಿಮ್ಮದು ಮೂವತ್ತು ಕೆಜಿ ಆಗ್ತದ, ಪ್ಲೈದು ಹದಿನೆಂಟು ಇಪ್ಪತ್ತು.

ಗೋಕಾಕ_ಕರದಂಟು:
ತೂಕ ಇದ್ರ ಏನಾತ್ರೀ, ದಿನಾ ಎತ್ತಿ ಇಳಸೂದಿಲ್ಲಲ್ಲ.

ಹಳೇ_ತೊಲಿ:
ಯಾರೂ ಮೊಳೆ ಬಗ್ಗೆ ಹೇಳಲಿಲ್ಲ. ಹಳೇ ಬಾಗಿಲ ಹಲಗೆಯಲ್ಲಿ ತಲೆ ಮುರಿದ ಮೊಳೆ ಒಳಗೇ ಉಳಿದಿರುತ್ತದೆ. ಒಂದು ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆ ಮೇಲೆ ಇಂಚಿಂಚಾಗಿ ಆಡಿಸಿ, ಎಳೆದ ಕಡೆ ಸುಣ್ಣದಿಂದ ಗುರುತು ಹಾಕಿ. ಹಳೇ ಸ್ಪೀಕರ್‌ನಲ್ಲಿ ಸಿಗುವ ಅಯಸ್ಕಾಂತವೇ ಸಾಕು. ರಂದಾ ಮಷಿನ್ನಿಗೆ ಕೊಡುವ ಮೊದಲು ಇದು ಆಗಲೇಬೇಕು. ಒಂದು ಮೊಳೆ ಸಿಕ್ಕಿದರೆ ಬ್ಲೇಡು ಕಚ್ಚು ಬೀಳುತ್ತದೆ, ಅಲ್ಲಿಂದ ಮುಂದೆ ಪ್ರತಿ ಹಲಗೆ ಮೇಲೂ ಗೀರು ಮೂಡುತ್ತದೆ. ಮೊಳೆಯ ಸುತ್ತಿನ ಕರೀ ಕಲೆ ತುಕ್ಕಿನದು, ಪಾಲಿಶ್ ಕಾಗದದಿಂದ ಹೋಗುವುದಿಲ್ಲ. ಆ ಭಾಗ ಹಿಂಬದಿಗೆ ಬರುವ ಹಾಗೆ ಜೋಡಿಸಿ.

ಇನ್ನು ಹಸಿರು ಎಣ್ಣೆಬಣ್ಣ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದಾಗ ಉಜ್ಜಿದರೆ ಆ ಪುಡಿ ಗಾಳಿಯಲ್ಲಿ ಹೋಗುತ್ತದೆ, ಮಕ್ಕಳಿರುವ ಮನೆಯಲ್ಲಿ ಇದು ಅಪಾಯ. ಬೆಂಕಿಯಿಂದ ಸುಟ್ಟು ಕೆರೆಯುವುದೂ ಬೇಡ, ಹೊಗೆಯಲ್ಲಿ ಸೀಸ ಬರುತ್ತದೆ. ಬಣ್ಣ ತೆಗೆಯುವ ರಿಮೂವರ್ ಹಚ್ಚಿ, ಉಬ್ಬಿದ ಮೇಲೆ ಕೆರೆದು, ಉಳಿದದ್ದನ್ನು ನೀರು ಹಚ್ಚಿ ಉಜ್ಜಿ. ಮನೆಯ ಹೊರಗೆ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ. ಕೆರೆದ ಬಣ್ಣವನ್ನು ಒಲೆಗೆ ಹಾಕಬೇಡಿ.

ನವನಗರ_ಬಾಗಲಕೋಟೆ:
ಇದು ಗೊತ್ತಿರಲಿಲ್ರಿ, ಭಾಳ ಉಪಕಾರ ಆತು.

ಬೇವಿನ_ನೆರಳು (ವಿಜಯಪುರ):
ಸಾಗವಾನಿ ಇಲ್ಲದವರು ಬೇವು ಯಾಕ ನೋಡೂದಿಲ್ಲ? ನಮ್ಮ ಕಡಿ ಹಳ್ಳಿಯೊಳಗ ಬಾಗಲಾ, ಚೌಕಟ್ಟು, ಕಪಾಟು ಎಲ್ಲಾ ಬೇವಿಂದೇ. ಹುಳ ಹತ್ತೂದಿಲ್ಲ, ಹೊಲದಾಗೇ ಸಿಗ್ತದ.

ಉಳಿ_ಕೊಡತಿ (ವಿಜಯಪುರ):
ಬೇವು ಛಲೋ ಕಟ್ಟಿಗಿ, ಆದ್ರ ಮೂರು ಮಾತು ತಿಳಕೊಂಡು ಮಾಡಬೇಕು. ಒಂದು, ನಾರು ಹೆಣದುಕೊಂಡಿರ್ತದ. ರಂದಾ ಒಂದು ದಿಕ್ಕಿಗೆ ಹೊಡದ್ರ ಅರ್ಧ ಪಟ್ಟಿ ನುಣುಪು, ಅರ್ಧ ಕಿತ್ತುಕೊಂಡು ಬರ್ತದ. ಅಲಗು ಭಾಳ ಚೂಪಿರಬೇಕು, ತೆಳ್ಳಗ ತೆಗೀಬೇಕು, ಕೊನೀಗೆ ಕಬ್ಬಿಣದ ತೆಳು ಪಟ್ಟಿಲೆ ಕೆರದು ನುಣುಪು ಮಾಡಬೇಕು. ಎರಡು, ನಾರಿನ ಬಾಯಿ ದೊಡ್ಡದು, ಸಾಗವಾನಿ ಹಂಗ ಹೊಳಪು ಪಾಲಿಶ್ ಕೂಡೂದಿಲ್ಲ. ಮೊದಲ ಫಿಲ್ಲರ್ ತುಂಬಬೇಕು. ಮೂರು, ಹಸೀ ಬೇವು ಕೊಯ್ದು ತಿಂಗಳೊಳಗ ಮಂಚ ಮಾಡಿದ್ರ ಸೊಟ್ಟ ಆಗ್ತದ. ಒಂದು ಇಂಚಿನ ಹಲಗಿಗೆ ಒಂದು ವರ್ಷ ನೆರಳು ಬೇಕು. ಹಲಗಿ ನಡುನಡುವ ಎರಡೆರಡು ಅಡಿಗೆ ಒಂದೊಂದು ಕಡ್ಡಿ ಇಟ್ಟು ಗಾಳಿ ಆಡೂ ಹಂಗ ಒಟ್ಟಬೇಕು, ತುದಿಗೆ ಬಣ್ಣ ಬಳೀಬೇಕು. ಬಿಸಿಲಿಗೆ ಒಗದ್ರ ತುದಿ ಸೀಳ್ತದ.

ಬೇವಿನ_ನೆರಳು (ವಿಜಯಪುರ):
ಜಾಲಿ?

ಉಳಿ_ಕೊಡತಿ (ವಿಜಯಪುರ):
ಕರೀಜಾಲಿ ಚಕ್ಕಡಿಗೆ, ಕೂರಿಗಿಗೆ ಹೇಳಿ ಮಾಡಿಸಿದ ಕಟ್ಟಿಗಿ. ಹೆಡ್‌ಬೋರ್ಡಿಗೆ ಭಾರ ಜಾಸ್ತಿ, ಅಗಲ ಹಲಗಿ ಸಿಗೂದು ಕಷ್ಟ, ತೂತು ಹಾಕದ ಸ್ಕ್ರೂ ಹೋಗೂದಿಲ್ಲ. ಕಂಬಕ್ಕ ಬೇಕಾದ್ರ ಬಳಸ್ರಿ.

ಸಣ್ಣ_ಕಿಡಕಿ:
ಗ್ವಾಡಿಗೋ ಮಂಚಕ್ಕೋ ಅಂತ ಕೇಳಿದ್ರಲ್ಲ, ಅದಕ್ಕ ಯಾರೂ ಉತ್ತರ ಕೊಟ್ಟಿಲ್ಲ. ತೆಲಿ ಯಾವ ದಿಕ್ಕಿಗೆ ಅನ್ನೋದೂ ನೋಡ್ರಿ. ಉತ್ತರಕ್ಕ ತೆಲಿ ಬ್ಯಾಡ.

ಪ್ಲೈವುಡ್_ಪಕ್ಷ:
ದಿಕ್ಕು ಅವರವರ ನಂಬಿಕಿ. ನಾ ಹೇಳೂದು ಸ್ವಿಚ್ ಬೋರ್ಡ್ ನೋಡ್ರಿ ಅಂತ. ಹೆಡ್‌ಬೋರ್ಡ್ ಅಳತಿ ಗ್ವಾಡಿ ಮ್ಯಾಲೆ ಸೀಮೆಸುಣ್ಣಲೆ ಬರದು ನೋಡ್ರಿ: ಪ್ಲಗ್ಗು ಅದರ ಹಿಂದ ಬರ್ತದೇನು, ಚಾರ್ಜರ್ ಹಾಕಾಕ ಕೈ ಹೋಗ್ತದೇನು, ಕಿಡಕಿ ಬಾಗಲಾ ತೆರದಾಗ ಮ್ಯಾಲಿನ ಪಟ್ಟಿಗೆ ಬಡೀತದೇನು. ಹಿಂದ ಮರೆಯಾದ ಪ್ಲಗ್ಗಿನಾಗ ಚಾರ್ಜರ್ ಸದಾ ಹಾಕಿ ಬಿಡೂದು ಅಪಾಯ, ಬಿಸಿ ಆದ್ರ ಕಾಣೂದಿಲ್ಲ.

ಖಾನಾಪುರ_ರಸ್ತೆ (ಬೆಳಗಾವಿ):
ಗ್ವಾಡಿಗೆ ಹಾಕೋದು ಪ್ಲೈ ಹೆಡ್‌ಬೋರ್ಡಿಗೆ ಛಲೋ. 18 ಮಿ.ಮೀ. ಪ್ಲೈದ 4 ಇಂಚಿನ ಪಟ್ಟಿಯನ್ನ ಉದ್ದಕ್ಕ 45 ಡಿಗ್ರಿ ಓರೆ ಸೀಳಿ, ಒಂದು ಅರ್ಧ ಗ್ವಾಡಿಗೆ, ಇನ್ನೊಂದು ಅರ್ಧ ಹೆಡ್‌ಬೋರ್ಡಿನ ಬೆನ್ನಿಗೆ. ಗ್ವಾಡಿ ಪಟ್ಟಿಯ ಓರೆ ಮ್ಯಾಲಕ್ಕ ಬಂದು ಗ್ವಾಡಿ ಕಡೆ ಇಳೀಬೇಕು, ಆವಾಗ ಹೆಡ್‌ಬೋರ್ಡ್ ತನ್ನ ತೂಕಲೆ ಗ್ವಾಡಿಗೆ ಒತ್ತಿ ಕೂಡತೈತಿ. ಪ್ರತಿ 16 ಇಂಚಿಗೆ 8 ಮಿ.ಮೀ. ಗ್ವಾಡಿ ಪ್ಲಗ್ಗು (ಸ್ಕ್ರೂ ಹಿಡಿಯೋ ಪ್ಲಾಸ್ಟಿಕ್ ಕೊಳವಿ), 65 ಮಿ.ಮೀ. ಸ್ಕ್ರೂ. ಗಿಲಾಯಿ (ಪ್ಲಾಸ್ಟರ್) ದಪ್ಪನೇ 15–20 ಮಿ.ಮೀ. ಇರತೈತಿ, ಪ್ಲಗ್ಗು ಅದನ್ನ ದಾಟಿ ಇಟ್ಟಂಗಿಯೊಳಗ ಹೋಗಬೇಕು. ಕೆಳಗ ಅದೇ 18 ಮಿ.ಮೀ. ದಪ್ಪದ ಪಟ್ಟಿ ಹಚ್ಚದಿದ್ರ ಕೆಳಭಾಗ ಒಳಗ ಹೋಗಿ ಹೆಡ್‌ಬೋರ್ಡ್ ಸೊಟ್ಟ ನಿಂದರತೈತಿ.
ಮಣ್ಣಿನ ಗ್ವಾಡಿ ಇದ್ದವರು ಈ ದಾರಿ ಹಿಡೀಬ್ಯಾಡ್ರಿ. ಪ್ಲಗ್ಗು ಮಣ್ಣಿನ್ಯಾಗ ನಿಲ್ಲಂಗಿಲ್ಲ, ಬೆನ್ನು ಆನಿಸಿದಾಗೆಲ್ಲಾ ತೂತು ದೊಡ್ಡದಾಗತೈತಿ. ಕಲ್ಲಿನ ಗ್ವಾಡಿಯಾಗ ಸಂದಿಗೆ ಹಾಕಬ್ಯಾಡ್ರಿ, ಕಲ್ಲಿಗೇ ತೂತು ಹಾಕ್ರಿ.

ಉಳಿ_ಕೊಡತಿ (ವಿಜಯಪುರ):
ಮೂವತ್ತು ಕೆಜಿಯ ಚೌಕಟ್ಟಿಗೆ ನೆಲದ ಮ್ಯಾಲೆ ಕಾಲು ಇರೂದೇ ಛಲೋ. ಕಂಬ 48 ಇಂಚು ಇಟ್ಟಿದ್ದು ಅದಕ್ಕೇ. ಮಂಚದ ಪೆಟಗಿ 72 ಅಗಲ ಇದ್ರ ಎರಡೂ ಕಡೆ ಕಂಬದ ಮ್ಯಾಲೆ ಎರಡೆರಡು ಇಂಚು ಕೂಡ್ತದ, ಬೋಲ್ಟ್ ಹಾಕಾಕ ಜಾಗ ಆಯ್ತು. ಒಂದೊಂದು ಕಂಬಕ್ಕ 8 ಮಿ.ಮೀ. ಬೋಲ್ಟ್ ಎರಡೆರಡು, ನೆಲದಿಂದ 4 ಇಂಚಿಗೆ ಒಂದು, 11 ಇಂಚಿಗೆ ಒಂದು. ಪ್ಲೈದ ಒಳಗ 2×2 ಕಟ್ಟಿಗಿ ತುಂಡು ಇಟ್ಟು ಅದರ ಮ್ಯಾಲೆ ಅಗಲ ವಾಷರ್, ನಟ್. ಪ್ಲೈ ಅಂಚಿನೊಳಗ ಸ್ಕ್ರೂ ಹೊಡೀಬ್ಯಾಡ್ರಿ, ಪದರ ಬಿಡ್ತದ. ಬೆನ್ನು ಆನಿಸಿದಾಗ ಮ್ಯಾಲಿನ ಅಂಚು ಹಿಂದ ತಳ್ಳಿಸಿಕೊಳ್ತದ, ಆ ಒತ್ತು ಪೂರಾ ಈ ನಾಲ್ಕು ಬೋಲ್ಟಿನ ಮ್ಯಾಲೇ ಬೀಳ್ತದ. ಹಂಗಾಗಿ ಎರಡರ ನಡುವ ಅಂತರ ಎಷ್ಟು ಹೆಚ್ಚಿದ್ರ ಅಷ್ಟು ಗಟ್ಟಿ.
ನೆಲದ ಅಂಚಿನ ಟೈಲ್ಸ್ ಪಟ್ಟಿ ಹತ್ತು ಹನ್ನೆರಡು ಮಿ.ಮೀ. ಹೊರಗ ಬಂದಿರ್ತದ. ಕಾಲಿನ ಹಿಂದ ಅಷ್ಟು ಕೊಯ್ದು ಬಿಡ್ರಿ.

ಖಾನಾಪುರ_ರಸ್ತೆ (ಬೆಳಗಾವಿ):
ಬೆಳಗಾವಿ ಕಡೆಯವರು ಕೊಯ್ಯಬ್ಯಾಡ್ರಿ. ಮಳೆ ಹೊಡೆಯೋ ಕಡೆಯ ಗ್ವಾಡಿ ಜೂನದಿಂದ ಸೆಪ್ಟೆಂಬರ್ ತನಕ ತೇವ ಹಿಡಿದಿರತೈತಿ. ಹಿಂದ 20–25 ಮಿ.ಮೀ. ಗಾಳಿ ಆಡಾಕ ಬಿಡ್ರಿ, ಇಲ್ಲಂದ್ರ ಬೆನ್ನಿಗೆ ಬೂಸಟ ಬರತೈತಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಮುಂದ ಎಷ್ಟು ಕೈ ಪಾಲಿಶ್ ಹಚ್ಚತೀರೋ ಹಿಂದನೂ ಅಷ್ಟೇ ಕೈ ಹಚ್ಚಬೇಕು. ಕಾಣೂದಿಲ್ಲಂತ ಬೆನ್ನು ಹಂಗೇ ಬಿಟ್ರ ಒಂದೇ ಬದಿ ತೇವ ಹೀರಿ ಹಲಗಿ ದೋಣಿ ಆಗತೈತಿ.

ಖಣ_ಕುಪ್ಪಸ:
ಮೂರು ಮನಿ ಇದ್ರ ನಡುವಿನ ಒಂದಕ್ಕ ಗುಳೇದಗುಡ್ಡ ಖಣ ಹಾಕಿದ್ರ ಹೆಂಗ್ರೀ? ಇಲ್ಲಾ ಇಳಕಲ್ ಸೀರಿ ಟೋಪ ಸೆರಗು? ಕಟ್ಟಿಗಿ ನಡುವ ಆ ಕೆಂಪು ಭಾಳ ಚಂದ ಕಾಣತೈತಿ.

ಪ್ಲೈವುಡ್_ಪಕ್ಷ:
ಅಕ್ಕಾರ, ಆಗ್ತದ, ಆದ್ರ ಬಟ್ಟಿಯನ್ನ ಕಟ್ಟಿಗಿಗೆ ಅಂಟಿಸಬ್ಯಾಡ್ರಿ. ಬಿಳೀ ಅಂಟು ತೆಳು ನೇಯ್ಗಿಯೊಳಗಿಂದ ಮ್ಯಾಲೆ ಬಂದು ಕಲಿ ಆಗ್ತದ. 6 ಮಿ.ಮೀ. ಪ್ಲೈಗೆ ತೆಳು ಫೋಮ್, ಅದರ ಮ್ಯಾಲೆ ಬಿಳೀ ಹತ್ತಿ ಬಟ್ಟಿ, ಆಮ್ಯಾಲೆ ಖಣ. ಹಿಂದ ಮಡಚಿ ಸ್ಟೇಪಲ್ ಹೊಡೀರಿ, ನಡುವಿನಿಂದ ಸುರು ಮಾಡಿ ಮೂಲಿ ಕಡೆ, ಎದುರಾ ಬದುರಾ. ಈ ಪ್ಲೈಯನ್ನ ಹಿಂದಿನಿಂದ ನಾಲ್ಕು ಸಣ್ಣ ತಿರುಗಣಿ ಪಟ್ಟಿಲೆ ಹಿಡಸ್ರಿ. ಒಗೀಬೇಕಾದಾಗ ಕಳಚಾಕ ಬರ್ತದ.

ಖಣ_ಕುಪ್ಪಸ:
ಮೂರೂ ಮನಿಗೆ ಹಾಕಿದ್ರ?

ಬಣ್ಣ_ಪಾಲಿಶ್:
ಬ್ಯಾಡ್ರಿ ಅಕ್ಕಾರ. ಗಾದಿ ಮ್ಯಾಲಿಂದ 6ರಿಂದ 20 ಇಂಚು ತನಕ ತೆಲಿ ಬೆನ್ನು ತಾಗೂ ಜಾಗ. ತೆಲಿಗೆ ಹಚ್ಚಿದ ಕೊಬ್ಬರಿ ಎಣ್ಣಿ ಪೂರಾ ಬಟ್ಟಿಗೆ ಹೋಗತೈತಿ. ನಡುವಿನ ಮನಿ ಎರಡು ದಿಂಬಿನ ನಡುವ ಬರತೈತಿ, ಅಲ್ಲಿ ತೆಲಿ ತಾಗೂದು ಕಡಿಮಿ. ಕೆತ್ತನಿ ಮಾಡಸೂರಿಗೂ ಇದೇ ಮಾತು, ಬಾದಾಮಿ ಕಮಲ ಬೇಕಂದ್ರ ಮ್ಯಾಲಿನ ಪಟ್ಟಿಗೆ ಮಾಡಸ್ರಿ. ಬೆನ್ನು ತಾಗೂ ಕಡೆ ಕೆತ್ತಿದ್ರ ಚುಚ್ಚತೈತಿ, ಧೂಳು ಕೂಡತೈತಿ.

ಪಾಲಿಶ್ ಬಗ್ಗೆ ಪೂರಾ ಹೇಳಿ ಬಿಡ್ತೀನಿ. ಉಜ್ಜೂದು 80, 120, 180, 220, ಹಿಂಗ ಒಂದನ್ನೂ ಬಿಡದ. 80ರಿಂದ ನೇರ 220ಕ್ಕ ಹಾರಿದ್ರ ಗೀರು ಉಳೀತಾವ, ಉಜ್ಜುವಾಗ ಕಾಣಂಗಿಲ್ಲ, ಪಾಲಿಶ್ ಬಿದ್ದ ಮ್ಯಾಲೆ ಎದ್ದು ಕಾಣತಾವ. ಯಾವಾಗೂ ನಾರಿನ ಉದ್ದಕ್ಕ. ಆಮ್ಯಾಲೆ ಸೀಲರ್ ಎರಡು ಕೈ, ನಡುವ 320ಲೆ ಹಗೂರ ಉಜ್ಜೂದು.
ಚಪಡಾ (ಅರಗಿನ) ಪಾಲಿಶ್ ಬಣ್ಣ ಕೊಡೂ ಚಂದ ಬೇರೆ ಯಾವುದೂ ಕೊಡಂಗಿಲ್ಲ, ಆದ್ರ ನೀರು, ಬಿಸಿ, ಸ್ಯಾನಿಟೈಸರ್ ಯಾವುದಕ್ಕೂ ತಡೀಯಂಗಿಲ್ಲ. ಹೆಡ್‌ಬೋರ್ಡಿಗೆ ಪಿಯು (ಪಾಲಿಯುರೆಥೇನ್), ಅದೂ ಹೊಳಪು ಕಡಿಮಿ ಇರೂ ಮ್ಯಾಟ್. ಎರಡು ಡಬ್ಬಿ ಕೂಡಸೂ ಪ್ರಮಾಣ ಡಬ್ಬಿ ಮ್ಯಾಲೆ ಬರದಿರತೈತಿ, ಕಣ್ಣಳತಿಲೆ ಮಾಡಬ್ಯಾಡ್ರಿ. ಗಟ್ಟಿ ಮಾಡೂ ದ್ರಾವಣ ಕಡಿಮಿ ಬಿದ್ರ ತಿಂಗಳಾದ್ರೂ ಅಂಟಂಟು.

ಗೋಕಾಕ_ಕರದಂಟು:
ಗಾಣದ ಅಗಸಿ ಎಣ್ಣಿ ಹಚ್ಚಿದ್ರ ಸಾಲಂಗಿಲ್ಲೇನು? ಮನಿಯಾಗೇ ಇರತೈತಿ. ಶೇಂಗಾ ಎಣ್ಣಿನೂ ಹಚ್ಚತಾರ ಕೆಲವರು.

ಬಣ್ಣ_ಪಾಲಿಶ್:
ಶೇಂಗಾ ಎಣ್ಣಿ ಎಂದೂ ಒಣಗಂಗಿಲ್ಲ, ಜಿಡ್ಡು ಹಂಗೇ ಉಳದು ವಾಸನಿ ಹೊಡೀತೈತಿ. ಅಗಸಿ ಎಣ್ಣಿ ಗಾಳಿಗೆ ಗಟ್ಟಿ ಆಗೂ ಎಣ್ಣಿ, ಆದ್ರ ಗಾಣದ ಹಸೀ ಎಣ್ಣಿಗೆ ವಾರಗಟ್ಟಲೆ ಬೇಕು. ಅಷ್ಟರಾಗ ಕರೀಮಣ್ಣಿನ ಧೂಳು ಅದರ ಮ್ಯಾಲೆ ಕೂತು ಬಿಡತೈತಿ. ಬಣ್ಣದ ಅಂಗಡಿಯಾಗ ಸಿಗೂ ಕುದಿಸಿದ ಅಗಸಿ ಎಣ್ಣಿ ತಗೊಳ್ರಿ, ತೆಳ್ಳಗ ಹಚ್ಚಿ 15 ನಿಮಿಷಕ್ಕ ಒರಸ್ರಿ, ಒಂದು ದಿನ ಬಿಟ್ಟು ಇನ್ನೊಂದು ಕೈ. ಕುಸುಬಿ ಎಣ್ಣಿನೂ ಒಣಗೂ ಜಾತಿಯದ್ದೇ, ಹಳದಿ ಕಡಿಮಿ ತಿರಗತೈತಿ, ಆದ್ರ ಅಗಸಿಗಿಂತ ನಿಧಾನ.
ಒರಸಿದ ಅರಿವಿ ಉಂಡಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ. ಅಗಸಿ ಎಣ್ಣಿ ಒಣಗುವಾಗ ಬಿಸಿ ಹುಟ್ಟತೈತಿ, ಉಂಡಿಯೊಳಗಿಂದ ಹೊರಗ ಹೋಗಾಕ ದಾರಿ ಸಿಗಂಗಿಲ್ಲ, ತಾನಾಗೇ ಬೆಂಕಿ ಹತ್ತತೈತಿ. ನಮ್ಮ ಮೇ ತಿಂಗಳ ಬಿಸಿಲಿಗೆ ಇನ್ನೂ ಅಪಾಯ. ಬಿಡಿಸಿ ಹೊರಗ ತಂತಿ ಮ್ಯಾಲೆ ಒಣಗಸ್ರಿ, ಇಲ್ಲಾ ನೀರಿನ ಬಕೇಟಿನ್ಯಾಗ ಮುಳುಗಸಿ ಇಡ್ರಿ.

ಹಳೇ_ತೊಲಿ:
ಈ ಕೊನೆಯ ಮಾತನ್ನು ಎಲ್ಲರೂ ಓದಬೇಕು.

ಖಾನಾಪುರ_ರಸ್ತೆ (ಬೆಳಗಾವಿ):
ಪಾಲಿಶ್ ಹಚ್ಚೋ ದಿನಾನೂ ನೋಡ್ರಿ. ಮಳಿ ಹಿಡದ ದಿನ ಮೆಲಮೈನ್, ಲ್ಯಾಕರ್ ಹೊಡದ್ರ ಮ್ಯಾಲೆ ಬಿಳೀ ಮಬ್ಬು ಬರತೈತಿ. ತಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂಡತೈತಿ, ಅದೇ ಆ ಮಬ್ಬು. ನಮ್ಮಲ್ಲಿ ಅಕ್ಟೋಬರ್ ತನಕ ಕಾಯೋದೇ ಛಲೋ.

ಬಣ್ಣ_ಪಾಲಿಶ್:
ವಿಜಯಪುರ, ಬಾಗಲಕೋಟಿಗೆ ಉಲ್ಟಾ ತ್ರಾಸು. ಬ್ಯಾಸಗಿ ಮಧ್ಯಾಹ್ನ ಹೊಡದ್ರ ಹನಿ ಕೂಡೂ ಮೊದಲೇ ಆರಿ ಕಿತ್ತಳೆ ಸಿಪ್ಪಿ ಹಂಗ ಗುಳ್ಳಿ ಗುಳ್ಳಿ ಆಗತೈತಿ. ಮುಂಜಾನೆ ಒಂಬತ್ತರೊಳಗ ಮುಗಸ್ರಿ, ನಿಧಾನ ಆರೂ ತಿನ್ನರ್ ಬಳಸ್ರಿ, ಫ್ಯಾನ್ ಬಂದ್ ಇರಲಿ.

ನವನಗರ_ಬಾಗಲಕೋಟೆ:
ಬಡಿಗೇರಿಗೆ ಇದೆಲ್ಲಾ ಓದಿ ಹೇಳ್ದೆ. ಚೌಕಟ್ಟಿಗೆ ಒಪ್ಪ್ಯಾರ. ಅವರು ಕೇಳೂದು ಇಷ್ಟು: ಗಾಡಿ ಎಷ್ಟು ಆಳ, ಹಲಗಿ ಎಷ್ಟು ಸಡ್ಲ, ಯಾವ ಅಂಟು. ಕೆಲಸ ಏಪ್ರಿಲದಾಗ ಸುರು. ಮಂಚ ಕಿರ್ ಅನ್ನಬಾರದು ಅಂತ ಮನಿಯಾಗ ಹೇಳ್ಯಾರ, ಅದಕ್ಕೇನು ಮಾಡೂದು?

ಉಳಿ_ಕೊಡತಿ (ವಿಜಯಪುರ):
ಗಾಡಿ 10 ಮಿ.ಮೀ. ಅಗಲ, 13 ಮಿ.ಮೀ. ಆಳ. ಹಲಗಿ ಮುಕ್ಕಾಲು ಇಂಚಿಗೆ ರಂದಾ ಹೊಡದು, ಅಂಚು ಮಾತ್ರ ಹಿಂದಿನಿಂದ ಕೆತ್ತಿ 9 ಮಿ.ಮೀ. ಮಾಡ್ರಿ, ಗಾಡಿಯೊಳಗ ಕೈಲೆ ಸರದಾಡಬೇಕು. ಏಪ್ರಿಲದಾಗ ಕಟ್ಟಿಗಿ ಪೂರ್ತಿ ಒಣಗಿರ್ತದ, ಮುಂದ ಹಿಗ್ಗೂದೇ ಬಾಕಿ. 21 ಇಂಚಿನ ಹಲಗಿ ಮಳಿಗಾಲದಾಗ ಐದಾರು ಮಿ.ಮೀ. ಹಿಗ್ಗತದ. ಅದಕ್ಕ ಎಡಕ್ಕ ನಾಲ್ಕು, ಬಲಕ್ಕ ನಾಲ್ಕು ಮಿ.ಮೀ. ಖಾಲಿ ಬಿಡ್ರಿ. ಇದೇ ಕೆಲಸ ಆಗಸ್ಟದಾಗ ಮಾಡಿದ್ರ ಒಂದೊಂದು ಮಿ.ಮೀ. ಸಾಕು, ಯಾಕಂದ್ರ ಆವಾಗ ಹಲಗಿ ಹಿಗ್ಗಿ ಕೂತಿರ್ತದ. ಮ್ಯಾಲೆ ಕೆಳಗ ಒಂದು ಮಿ.ಮೀ. ಮುಗೀತು, ಉದ್ದಕ್ಕ ಕಟ್ಟಿಗಿ ಸರಿಯೂದಿಲ್ಲ. ಹಲಗಿಯ ನಡು ಭಾಗಕ್ಕ ಮ್ಯಾಲೊಂದು ಕೆಳಗೊಂದು ಸಣ್ಣ ಮೊಳಿ ಹೊಡೀರಿ, ಹಿಂದಿನಿಂದ. ಹಲಗಿ ಒಂದೇ ಕಡೆ ಸರಕೊಂಡು ಹೋಗೂದು ತಪ್ತದ. ಗಾಡಿಯೊಳಗ ಒಂದು ಹನಿ ಅಂಟೂ ಬೀಳಬಾರದು.

ಹಲಗಿಗೆ ಚೌಕಟ್ಟಿನೊಳಗ ಕೂಡಸೂ ಮೊದಲೇ ಪಾಲಿಶ್ ಆಗಿರಬೇಕು, ಅಂಚಿನ ತನಕ. ಕೂಡಿಸಿದ ಮ್ಯಾಲೆ ಹಚ್ಚಿದ್ರ ಮುಂದ ಕುಗ್ಗಿದಾಗ ಅಂಚಿಗೆ ಪಾಲಿಶ್ ಇಲ್ಲದ ಬಿಳೀ ಗೆರಿ ಕಾಣ್ತದ.

ನಾಲಿಗಿ ದಪ್ಪ ಪಟ್ಟಿಯ ಮೂರನೇ ಒಂದು ಭಾಗ, ನಿಮ್ಮ ಪಟ್ಟಿಗೆ 10 ಮಿ.ಮೀ. ಬರ್ತದ, ಗಾಡಿ ಅಗಲಕ್ಕೂ ಅದೇ ಹೊಂದತದ. ಕೈಲೆ ಒತ್ತಿದ್ರ ಅರ್ಧ ಹೋಗಿ, ಕೊಡತಿಲೆ ಹಗೂರ ಬಡದ್ರ ಪೂರಾ ಕೂಡಬೇಕು. ಬಡದು ಬಡದು ಹೋಗೂ ಹಂಗಿದ್ರ ಕಂಬ ಸೀಳ್ತದ.

ಖಾನಾಪುರ_ರಸ್ತೆ (ಬೆಳಗಾವಿ):
ಅಂಟಿಗೆ ಫೆವಿಕಾಲ್ ಮರೀನ್ ಥರದ್ದು ಸಾಕು. ಸಾಗವಾನಿಯೊಳಗ ಎಣ್ಣಿ ಇರತೈತಿ, ಹಂಗಾಗಿ ಅಂಟು ಹಚ್ಚೋ ಜಾಗ ತಿನ್ನರ್ ಅರಿವಿಲೆ ಒರಸಿ, ಆರಿದ ಕೂಡಲೇ ಹಚ್ಚಬೇಕು. ಒರಸಿ ಮರುದಿನ ಹಚ್ಚಿದ್ರ ಎಣ್ಣಿ ಮತ್ತ ಮ್ಯಾಲೆ ಬಂದಿರತೈತಿ. ಬ್ಯಾಸಗಿಯಾಗ ಅಂಟು ಐದು ಹತ್ತು ನಿಮಿಷದಾಗ ಚರ್ಮ ಕಟ್ಟತೈತಿ, ಎಲ್ಲಾ ಜೋಡು ಒಮ್ಮೆ ಅಂಟಿಲ್ಲದ ಕೂಡಿಸಿ ನೋಡಿ, ಕ್ಲ್ಯಾಂಪ್ ಅಳತಿಗೆ ತೆರದಿಟ್ಟು ಆಮ್ಯಾಲೆ ಬಾಟ್ಲಿ ತೆಗೀರಿ. ಉದ್ದನ ಕ್ಲ್ಯಾಂಪ್ ಇಲ್ಲದಿದ್ರ ನೆಲದ ಮ್ಯಾಲೆ ಎರಡು ತೊಲಿ ತುಂಡು ಗಟ್ಟಿ ಕೂಡಿಸಿ ನಡುವ ಬೆಣಿ ಬಡೀರಿ. ಬಿಗಿದ ಮ್ಯಾಲೆ ಮೂಲಿಯಿಂದ ಮೂಲಿಗೆ ಎರಡೂ ಕಡೆ ಟೇಪ್ ಹಿಡೀರಿ, ಎರಡೂ ಅಳತಿ ಒಂದೇ ಬರಬೇಕು. ಒಂದು ದಿನ ಬಿಚ್ಚಬ್ಯಾಡ್ರಿ.

ಘಟಪ್ರಭಾ_ದಂಡಿ:
ಕಿರ್ ಅನ್ನೂದಕ್ಕ: ಕಂಬ ಮತ್ತ ಪೆಟಗಿ ನಡುವ ಫೆಲ್ಟ್ ಇಲ್ಲಾ ತೆಳು ರಬ್ಬರ್ ಇಟ್ಟು ಬೋಲ್ಟ್ ಬಿಗೀರಿ. ಕಟ್ಟಿಗಿ ಕಟ್ಟಿಗಿ ಉಜ್ಜಿದ್ರೇ ಸಪ್ಪಳ. ಗ್ವಾಡಿ ಕಡೆ ಮ್ಯಾಲಿನ ಎರಡು ಮೂಲಿಗೂ ಫೆಲ್ಟ್ ಗುಂಡಿ.

ಉಳಿ_ಕೊಡತಿ (ವಿಜಯಪುರ):
ಲಾಕ್ ನಟ್ ಹಾಕ್ರಿ, ಸಾದಾ ನಟ್ ಬ್ಯಾಡ. ಮೊದಲ ಬ್ಯಾಸಗಿ ಮುಗಿಯೂ ಮೊದಲ ಒಮ್ಮೆ, ಮಳಿ ಮುಗದ ಮ್ಯಾಲೆ ಒಮ್ಮೆ ಪಾನಾ ಹಚ್ಚಿ ನೋಡ್ರಿ. ಒಳಗಿನ 2×2 ತುಂಡು ಕುಗ್ಗಿ ವಾಷರ್ ಸಡ್ಲ ಆಗಿರ್ತದ. ಆಮ್ಯಾಲೆ ವರ್ಷಕ್ಕೊಮ್ಮೆ ಸಾಕು.

ನವನಗರ_ಬಾಗಲಕೋಟೆ:
ರಿಮೂವರ್, ಅಯಸ್ಕಾಂತ, 8 ಮಿ.ಮೀ. ಲಾಕ್ ನಟ್ ನಾಲ್ಕು, ಎಲ್ಲಾ ಖರೀದಿ ಪಟ್ಟಿಗೆ ಬರಕೊಂಡೆ. ಬೋಲ್ಟ್ ಉದ್ದ ಎಷ್ಟು ತರಲ್ರಿ?

ಉಳಿ_ಕೊಡತಿ (ವಿಜಯಪುರ):
ಕಂಬ ಎರಡೂಕಾಲು ಇಂಚು, ಪ್ಲೈ 18 ಮಿ.ಮೀ., ಒಳಗಿನ ತುಂಡು 2 ಇಂಚು. ಎಲ್ಲಾ ಕೂಡಿ 125 ಮಿ.ಮೀ. ಹತ್ತಿರ, ನಟ್ಟು ವಾಷರ್ ಸೇರಿ 140–150. ಅಷ್ಟುದ್ದ ಸಿಗದಿದ್ರ ಒಳಗಿನ ತುಂಡನ್ನ 1 ಇಂಚಿಗೆ ಇಳಸಿ 120 ತಗೋರಿ. ತಲಿ ಗುಂಡಗಿನ ಬೋಲ್ಟ್ ಕೇಳ್ರಿ, ಅದನ್ನ ಗ್ವಾಡಿ ಕಡೆ ಇಡ್ರಿ, ನಟ್ಟು ಪೆಟಗಿ ಒಳಗ.